ಕುರುಗೋಡು ಬಂದೊಡನೆ ಬೆಳಗುವ ಹಳದಿ ದೀಪದವರಿಗೆ

ಮಾನ್ಯ ಎಂಜಿನ್ ದೀಪದವರೇ,

ತಮ್ಮ ಪಾದಗಳಿಗೆ, ಅವು ಇದ್ದ ಪಕ್ಷದಲ್ಲಿ, ಬಳ್ಳಾರಿಯ ಪಾರ್ವತಿನಗರದ ನಿವಾಸಿಯೂ, ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವವನಾಗಿ ಸೇರಿ ಮೇಲ್ವಿಚಾರಕನಾಗಿ ನಿವೃತ್ತನಾದವನೂ ಆದ ಗುರುಸ್ವಾಮಿಯ ಭಕ್ತಿಪೂರ್ವಕ ನಮಸ್ಕಾರಗಳು. ತಾವು ನನ್ನ ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ವೇಗದ ಮುಳ್ಳಿನ ಪಕ್ಕದಲ್ಲಿ, ಕಡಲೆಕಾಳಿನಷ್ಟು ಜಾಗದಲ್ಲಿ ವಾಸವಾಗಿದ್ದು, ಅಷ್ಟು ಚಿಕ್ಕ ಜಾಗದಿಂದಲೇ ನನ್ನ ಇಡೀ ಸಂಸಾರವನ್ನು ನಡುಗಿಸುತ್ತ ಬಂದಿದ್ದೀರಿ. ನನ್ನ ಸೇವಾವಧಿಯಲ್ಲಿ ಎಷ್ಟೋ ಬಲ್ಬುಗಳನ್ನು ಕಂಡಿದ್ದೇನೆ, ಬೀದಿ ದೀಪಗಳ ದೂರುಗಳನ್ನು ಕೇಳಿದ್ದೇನೆ, ಆದರೆ ಅವೆಲ್ಲವೂ ಉರಿಯುವುದಿಲ್ಲ ಎಂಬ ದೂರುಗಳು. ಉರಿಯುತ್ತದೆ ಎಂದು ಒಂದು ದೀಪದ ಮೇಲೆ ದೂರು ಬರೆಯುವ ಗತಿ ನನಗೇ ಬಂದಿತಲ್ಲ ಎಂಬ ಸಂಕೋಚದಿಂದ ಈ ಪತ್ರವನ್ನು ಆರಂಭಿಸುತ್ತಿದ್ದೇನೆ.

ಮೊದಲು ತಮ್ಮ ಮನೆಯ ಬಗ್ಗೆ ಎರಡು ಮಾತು. ಈ ಕಾರನ್ನು ನನ್ನ ಮಗಳು ಚೈತ್ರಾ ಹೈಸ್ಕೂಲಿನಲ್ಲಿದ್ದಾಗ ಕೊಂಡೆ. ಆಗ ಅದರ ಬಣ್ಣ ಬೆಳ್ಳಿ. ನಮ್ಮ ಊರಿನ ಅದಿರಿನ ಧೂಳು ಕುಡಿದು ಕುಡಿದು ಈಗ ಅದಕ್ಕೆ ಹೆಸರಿಡಬಹುದಾದ ಬಣ್ಣವಿಲ್ಲ. ಕಂಪನಿಯವರು ಆ ಮಾದರಿಯನ್ನು ಮಾಡುವುದನ್ನೇ ಬಿಟ್ಟಿದ್ದಾರೆ, ಬಿಟ್ಟದ್ದಕ್ಕೆ ಕಾರಣವನ್ನು ನಾನು ಕೇಳಿಲ್ಲ. ಇಷ್ಟಾದರೂ ಅದು ನನಗೆ ಕಾರಲ್ಲ, ಮನೆಯ ಇನ್ನೊಂದು ಕೋಣೆ. ಚೈತ್ರಾ ಪರೀಕ್ಷೆಗೆ ಓದಿದ್ದು ಅದರ ಹಿಂದಿನ ಸೀಟಿನಲ್ಲಿ, ಓಡಿಸಲು ಕಲಿತದ್ದೂ ಅದರಲ್ಲೇ, ನಮ್ಮ ಗೇಟಿನ ಕಂಬಕ್ಕೆ ಗುದ್ದಿ ಅತ್ತದ್ದೂ ಅದರಲ್ಲೇ.

ಮಾನ್ಯರೇ, ತಾವು ಸಾಮಾನ್ಯ ದಿನಗಳಲ್ಲಿ ಎಂಥ ಸಾಧುಗಳು! ತರಕಾರಿಗೆ ಹೋಗುವಾಗ, ಪಿಂಚಣಿಯ ಕೆಲಸಕ್ಕೆ ಬ್ಯಾಂಕಿಗೆ ಹೋಗುವಾಗ, ಮೋತಿ ಸರ್ಕಲ್ಲಿನ ಗದ್ದಲದಲ್ಲಿ ಸಿಕ್ಕಿಕೊಂಡಾಗ, ತಾವು ಒಮ್ಮೆಯೂ ಕಣ್ಣು ತೆರೆದವರಲ್ಲ. ಆದರೆ ಚೈತ್ರಾಳಿಗೆ ಸಿರುಗುಪ್ಪದ ಹುಡುಗ ಗೊತ್ತಾದಾಗಿನಿಂದ, ಶುಭಕಾರ್ಯವೆಂದು ನಾವು ಆ ಕಡೆ ಹೊರಟೆವೋ, ಕುರುಗೋಡು ಬರುತ್ತಿದ್ದಂತೆ ತಾವು ಎದ್ದು ಕುಳಿತುಬಿಡುತ್ತೀರಿ. ಹುಡುಗನ ಮನೆ ನೋಡಲು ಹೊರಟ ದಿನ ಬೆಳಗಿದಿರಿ. ಪಂಚಮಿಗೆ ಮಗಳನ್ನು ಕರೆತರಲು ಹೊರಟಾಗ ಬೆಳಗಿದಿರಿ. ದೊಡ್ಡಬಸವಣ್ಣನಿಗೆ ಕೈಮುಗಿದೇ ಮುಂದಕ್ಕೆ ಹೋಗುವುದು ನಮ್ಮ ಮನೆತನದ ಪದ್ಧತಿಯಾದ್ದರಿಂದ ಸ್ವಲ್ಪ ಬಳಸಿ ಕುರುಗೋಡಿನ ಮೇಲೆ ಹೋಗುತ್ತೇವೆ, ತಾವೂ ದೇವರ ದರ್ಶನಕ್ಕೆಂದೇ ಏಳುತ್ತೀರೇನೋ ಎಂದು ನಾನು ಒಮ್ಮೆ ಸಮಾಧಾನ ಮಾಡಿಕೊಂಡದ್ದೂ ಉಂಟು. ನನ್ನ ಹೆಂಡತಿ ಹೊನ್ನೂರಮ್ಮನ ತೀರ್ಮಾನ ಬೇರೆ. ಬೀಗರಾದ ಮರಿಬಸಪ್ಪನವರಿಗೆ ಅಕ್ಕಿ ಮಿಲ್ಲು ಇದೆ, ಮನೆ ಮುಂದೆ ಹೊಸ ಬಿಳಿ ಕಾರು ನಿಂತಿದೆ, ಅದನ್ನು ಕಂಡು ನಮ್ಮ ಗಾಡಿಗೆ ಹೊಟ್ಟೆಕಿಚ್ಚು. "ಜೀವ ಇಲ್ದಿದ್ರೇನ್ರಿ, ಮಾನ ಐತಲ್ಲ ಅದಕ್ಕೂ" ಎಂದು ಅವಳು ಬಾನೆಟ್ಟನ್ನು ಸವರಿದಾಗ ನನಗೂ ಸ್ವಲ್ಪ ಹೌದೆನ್ನಿಸಿತು.

ಪ್ರತಿ ಸಲವೂ ನಾನು ತಮ್ಮನ್ನು ಕೌಲ್ ಬಜಾರಿನ ಮೆಕ್ಯಾನಿಕ್ ಮಾರೇಶನ ಬಳಿಗೆ ಕರೆದೊಯ್ದೆ. ಅವನು ಸ್ಟೇರಿಂಗಿನ ಕೆಳಗೆ ತನ್ನ ಸ್ಕ್ಯಾನರಿನ ಬಾಲ ಸಿಕ್ಕಿಸಿ, ಪರದೆಯ ಮೇಲೆ ಮೂಡುವ ಸಂಕೇತಗಳನ್ನು ಪಂಚಾಂಗದಂತೆ ಓದುತ್ತಿದ್ದ. ಮೊದಲ ಸಲ ಹೊಗೆಯ ಸೆನ್ಸರ್ ಕೆಟ್ಟಿದೆ ಎಂದು ಬಂತು, ಬದಲಾಯಿಸಿದ. ಎರಡನೆಯ ಸಲ ಗಾಳಿಯದು ಎಂದು ಬಂತು, ಅದನ್ನೂ ಬದಲಾಯಿಸಿದ. ಆಮೇಲೆ ವೇಗದ್ದು, ಆಮೇಲೆ ಬಿಸಿಯದ್ದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎನ್ನೋಣವೆಂದರೆ ಈ ದಾಸ ದಿನಕ್ಕೊಂದು ಹಾಡು ಹಾಡುತ್ತಿದ್ದ. ನಾನು ಅನುಮಾನಪಟ್ಟರೆ ಮಾರೇಶ, "ಮಷೀನು ಸುಳ್ಳು ಹೇಳಾಂಗಿಲ್ಲ ಸಾರ್" ಎನ್ನುತ್ತಿದ್ದ. ಕೊನೆಗೆ ಒಂದು ದಿನ ಕೈ ಒರೆಸಿಕೊಳ್ಳುತ್ತ, "ಎಲ್ಲಾ ಹೊಸಾವು ಹಾಕೀನಿ ಸಾರ್, ಇನ್ನ ಈ ಗಾಡ್ಯಾಗ ಹಳೇದು ಅಂದ್ರ ನೀವೊಬ್ರ ಉಳದೀರಿ" ಎಂದುಬಿಟ್ಟ. ಪಕ್ಕದ ಪಂಚರ್ ಅಂಗಡಿಯವರು ನಕ್ಕರು, ನಾನೂ ನಕ್ಕೆ, ಆದರೆ ಮನೆಗೆ ಬಂದು ಕನ್ನಡಿ ನೋಡಿಕೊಂಡೆ.

ಇಲ್ಲಿ ನನ್ನ ವಿದ್ವತ್ತಿನ ಪ್ರವೇಶವಾಗುತ್ತದೆ, ದಯಮಾಡಿ ಎದ್ದು ನಿಲ್ಲಬೇಕು. ನಾನು ನೌಕರಿಯುದ್ದಕ್ಕೂ ಮನೆಮನೆಗೆ ಹೋಗಿ ಹೇಳಿದ ಮಾತು ಒಂದೇ: ಅರ್ಥಿಂಗ್ ಎಂದರೆ ದಾರಿ ತಪ್ಪಿದ ಕರೆಂಟು ನೆಲಕ್ಕಿಳಿಯುವ ದಾರಿ, ಅದನ್ನು ಸರಿಯಿಟ್ಟುಕೊಳ್ಳಿ, ಅರ್ಥಿಂಗ್ ಗುಂಡಿ ಒಣಗಲು ಬಿಡಬೇಡಿ, ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಹೊಯ್ಯಿರಿ, ಆಗಾಗ ಒಂದು ಹಿಡಿ ಉಪ್ಪು ಹಾಕಿರಿ. ಬಳ್ಳಾರಿಯ ಬಿಸಿಲಿನಲ್ಲಿ ಇದಕ್ಕಿಂತ ದೊಡ್ಡ ಉಪದೇಶವಿಲ್ಲ. ಆದ್ದರಿಂದ ತಾವು ಬೆಳಗಲು ಕಾರಣ ಅರ್ಥಿಂಗ್ ಒಣಗಿರುವುದೇ ಎಂದು ನಾನು ಮಾರೇಶನಿಗೂ ಅವನ ಮಷೀನಿಗೂ ತಿಳಿಯದ್ದನ್ನು ಕಂಡುಹಿಡಿದೆ. ಬಾನೆಟ್ ಎತ್ತಿದರೆ ಬ್ಯಾಟರಿಯ ಪಕ್ಕದಲ್ಲಿ ಕಪ್ಪು ವೈರುಗಳೆಲ್ಲ ಬಂದು ಕೂಡುವ ಒಂದು ಬೋಲ್ಟ್ ಇದೆ. ಅದೇ ಗಾಡಿಯ ಅರ್ಥಿಂಗ್. ಮಾರೇಶ ಒಮ್ಮೆ ಅದರ ಕಡೆ ಕೈ ಚಾಚಿದಾಗ, "ಅರ್ಥಿಂಗ್ ವಿಷಯ ನನಗೆ ಬಿಡಪ್ಪ" ಎಂದು ಗಂಭೀರವಾಗಿ ತಡೆದೆ. ಅವನು ಬಿಟ್ಟ, ಇಂದಿನವರೆಗೂ ಮುಟ್ಟಿಲ್ಲ.

ಇನ್ನು ನಮ್ಮ ಮನೆಯ ಸಂಪ್ರದಾಯವನ್ನು ತಾವು ಒಳಗಿನಿಂದಲೇ ಕಂಡಿದ್ದೀರಿ. ಶುಭಕಾರ್ಯಕ್ಕೆ ಹೊರಡುವ ಮುಂಚೆ ಹೊನ್ನೂರಮ್ಮ ಗಾಡಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಆ ನೀರನ್ನು ತಂಬಿಗೆಯಲ್ಲಿ ಹಿಡಿಯುತ್ತಾಳೆ. ಹಿಂದೆಲ್ಲ ಅದನ್ನು ಗಾಲಿಯ ಮುಂದೆ ನೆಲಕ್ಕೆ ಹೊಯ್ಯುತ್ತಿದ್ದಳು. ಸಿರುಗುಪ್ಪದ ಹುಡುಗನ ಮನೆ ನೋಡಲು ಹೊರಡುವ ದಿನವೇ ನನ್ನ ತಲೆಯಲ್ಲಿ ಭಕ್ತಿಯನ್ನೂ ವಿಜ್ಞಾನವನ್ನೂ ಒಂದೇ ತಂಬಿಗೆಯಲ್ಲಿ ಕಲಸುವ ಯೋಚನೆ ಹುಟ್ಟಿತು. ತೀರ್ಥವನ್ನು ನೆಲಕ್ಕೆ ಯಾಕೆ ಚೆಲ್ಲಬೇಕು, ಬಾನೆಟ್ ಎತ್ತಿ ಅರ್ಥಿಂಗ್ ಬೋಲ್ಟಿಗೇ ಹೊಯ್ದರೆ ದೇವರಿಗೂ ಸಂದಿತು, ಗಾಡಿಗೂ ಸಂದಿತು. ಹೊನ್ನೂರಮ್ಮ ಮೊದಲು ಹಿಂಜರಿದಳು, "ನೀವು ಕರೆಂಟಿನವ್ರು, ನಿಮಗ ಗೊತ್ತಿರ್ತೈತಿ ಬಿಡ್ರಿ" ಎಂದು ಆಮೇಲೆ ಒಪ್ಪಿದಳು. ತಾವು ಮತ್ತೆ ಮತ್ತೆ ಬೆಳಗಿದ ಹಾಗೆಲ್ಲ ನಾನು ನೀರಿನ ಪ್ರಮಾಣವನ್ನು ಹೆಚ್ಚಿಸಿದೆ. ಹೆಂಡತಿಗೆ ತಿಳಿಯದಂತೆ ಒಂದು ಚಿಟಿಕೆ ಉಪ್ಪನ್ನೂ ಬೆರೆಸತೊಡಗಿದೆ. ಬಾನೆಟ್ಟಿನ ಸಂದಿಯಲ್ಲಿ ಇರುವೆಗಳ ಸಾಲು ಕಾಣಿಸಿತು. ಕರಿ ಇರುವೆ ಬಂದರೆ ಲಕ್ಷ್ಮಿ ಬಂದ ಹಾಗೆ ಎಂದು ಹೊನ್ನೂರಮ್ಮ ಸಂತೋಷಪಟ್ಟಳು, ನಾನೂ ಅವುಗಳಿಗೆ ದಾರಿ ಬಿಟ್ಟೆ.

ಹೀಗಿರುವಾಗ ಚೈತ್ರಾ ಬಸುರಿಯಾದಳು. ಸಿರುಗುಪ್ಪದಲ್ಲಿ ಕುಬಸದ, ಅಂದರೆ ಸೀಮಂತದ, ಕಾರ್ಯ ಇಟ್ಟುಕೊಂಡರು. ತಾವು ಎಂದಿನಂತೆ ಕುರುಗೋಡಿನಲ್ಲಿ ಬೆಳಗಿದ್ದರಿಂದ, ಗಾಡಿಯನ್ನು ಗುಡಿಯ ಬಳಿ ಪರಿಚಯದವರ ಅಂಗಳದಲ್ಲಿ ನಿಲ್ಲಿಸಿ, ಹೋಳಿಗೆಯ ಬುಟ್ಟಿ, ಹಸಿರು ಸೀರೆ, ಬಳೆ, ಹೂವು ಸಮೇತ ನಾವು ಬಸ್ಸು ಹತ್ತಿದೆವು. ಕುಬಸದ ಮನೆಯ ಅಂಗಳದಲ್ಲಿ ಊರ ಜನರೆಲ್ಲ ಕೂತಿದ್ದಾಗ ಮರಿಬಸಪ್ಪನವರು ನಗುನಗುತ್ತ, "ಗಾಡಿ ಎಲ್ಲೈತ್ರಿ ಬೀಗರ, ಕಾಣವಲ್ದು" ಎಂದರು. ಅವರು ಕೇಳಿದ್ದು ಇಷ್ಟೇ. ಅದಕ್ಕೆ ನಾನು, ಎಲ್ಲರ ಕಿವಿಗೂ ಬೀಳುವಂತೆ ಹೀಗೆಂದೆ: "ಮಗಳನ್ನ ಬಾಣಂತನಕ್ಕ ಕರಕೊಂಡು ಹೋಗಾಕ ಅದ ಗಾಡ್ಯಾಗ ಬರ್ತೀನ್ರಿ. ಬರಲಿಲ್ಲ ಅಂದ್ರ ಬಾಣಂತನ ನಿಮ್ಮ ಮನ್ಯಾಗ ಆಗ್ಲಿ." ಮರಿಬಸಪ್ಪನವರು ತಲೆಯಾಡಿಸಿ, "ಮಾತಂದ್ರ ಮಾತ್ರಿ" ಎಂದರು. ಆರತಿಯ ಮಣೆಯ ಮೇಲೆ ಕುಳಿತಿದ್ದ ಚೈತ್ರಾ ನನ್ನನ್ನು ನೋಡಿದ ನೋಟವನ್ನು ಮಾರೇಶನ ಯಾವ ಮಷೀನೂ ಓದಲಾರದು.

ಮೊದಲ ಹೆರಿಗೆ ತವರಿನಲ್ಲಿ, ತಾಯಿಯ ಕೈಯಲ್ಲಿ ಆಗಬೇಕೆಂಬುದು ಅವಳ ಆಸೆ. ಮದುವೆಯಾಗಿ ಹೋದವಳು ಮನೆಗೆ ಬಂದು ತಿಂಗಳುಗಟ್ಟಲೆ ಇರಲು ಸಿಗುವ ಸಂದರ್ಭ ಅದೊಂದೇ. ಅದನ್ನು ನಾನು ಹೋಳಿಗೆ ತಿನ್ನುತ್ತ ಪಣಕ್ಕಿಟ್ಟು ಬಂದಿದ್ದೆ. ಏಳು ತಿಂಗಳು ಮುಗಿದು ಎಂಟು ಹತ್ತಿದರೆ ಹೊಸ್ತಿಲು ದಾಟಿಸುವ ರೂಢಿ ಎರಡೂ ಮನೆಗಳಲ್ಲಿ ಇಲ್ಲ, ಅದರಾಚೆಗೆ ಡಾಕ್ಟರು ಪ್ರಯಾಣ ಬೇಡವೆನ್ನುತ್ತಾರೆ. ಬಸ್ಸಿನಿಂದ ಇಳಿದ ಮೇಲೆ ಹೊನ್ನೂರಮ್ಮ ಹೇಳಿದ್ದು ಒಂದೇ ಮಾತು: "ನಿಮ್ಮ ಬಾಯಿಗೊಂದು ದೀಪ ಇದ್ದಿದ್ರ ಚಲೋ ಇತ್ತು."

ಏಳು ಮುಗಿಯುವ ವಾರದಲ್ಲಿ ಒಳ್ಳೆಯ ದಿನ ನೋಡಿ ಹೊರಟೆವು. ಈ ಸಲ ಯಾವ ಕೊರತೆಯೂ ಆಗಬಾರದೆಂದು ಕಾಯಿಗಳ ಸಂಖ್ಯೆ ಏರಿತ್ತು. ತಂಬಿಗೆ ತುಂಬಿ ತುಳುಕುತ್ತಿತ್ತು. ಉಪ್ಪು ಚಿಟಿಕೆಯಿಂದ ಹಿಡಿಗೆ ಬಡ್ತಿ ಪಡೆದಿತ್ತು. ಬೋಲ್ಟಿನ ಮೇಲೆ ನಾನು ಮಾಡಿದ ಅಭಿಷೇಕವನ್ನು ಕಂಡಿದ್ದರೆ ದೊಡ್ಡಬಸವಣ್ಣನೇ ನಾಚಬೇಕಿತ್ತು.

ತಾವು ಕುರುಗೋಡಿನವರೆಗೂ ಕಾಯಲಿಲ್ಲ. ಕೋಳೂರು ದಾಟುವುದರೊಳಗೆ ಎದ್ದಿರಿ, ಒಬ್ಬರೇ ಅಲ್ಲ, ಅಕ್ಕಪಕ್ಕದ ಬಂಧುಗಳನ್ನೆಲ್ಲ ಎಬ್ಬಿಸಿಕೊಂಡು ಎದ್ದಿರಿ. ಡ್ಯಾಶ್‌ಬೋರ್ಡು ದೀಪಾವಳಿಯಾಯಿತು. ಎಂಜಿನ್ ಕೆಮ್ಮತೊಡಗಿತು. ಎಷ್ಟು ತುಳಿದರೂ ಗಾಡಿ ಎತ್ತಿನಬಂಡಿಯ ವೇಗಕ್ಕಿಂತ ಮೇಲೇರಲು ಒಪ್ಪಲಿಲ್ಲ. ಬೇರೆ ದಿನವಾಗಿದ್ದರೆ ಹಿಂದಿರುಗುತ್ತಿದ್ದೆ, ಆ ದಿನ ಹಿಂದಿರುಗಿದರೆ ಮಗಳನ್ನು ಕಳೆದುಕೊಂಡಂತೆ. ಬಸವಣ್ಣನಿಗೆ ಕಿಟಕಿಯಿಂದಲೇ ಕೈಮುಗಿದು ಮುಂದೆ ಸಾಗಿದೆ. ಬತ್ತದ ಚೀಲ ಹೇರಿದ ಟ್ರ್ಯಾಕ್ಟರುಗಳು ಹಾರ್ನ್ ಮಾಡಿ ನಮ್ಮನ್ನು ಹಿಂದೆ ಹಾಕಿದವು. ತೆಕ್ಕಲಕೋಟೆಯ ಹತ್ತಿರ ಸೈಕಲ್ಲಿನ ಮುದುಕರೊಬ್ಬರು ಪಕ್ಕದಲ್ಲೇ ಬರುತ್ತ, "ಏನ್ ಸಾರ್, ಎಲ್ಲಿಗೆ ಹೊಂಟೀರಿ" ಎಂದು ವಿಚಾರಿಸಿದರು, ನಾನು ವಿವರವಾಗಿ ಉತ್ತರ ಕೊಡುವಷ್ಟು ಸಮಯವಿತ್ತು.

ಅಂತೂ ಬೀಗರ ಮನೆ ಮುಂದೆ ಗಾಡಿ ಕೊನೆಯ ಬಾರಿ ಕೆಮ್ಮಿ ನಿಂತಿತು. ಮರಿಬಸಪ್ಪನವರು ಬಿಳಿ ಧೋತರದಲ್ಲಿ ಬಾಗಿಲಿಗೆ ಬಂದರು. ನಾನು ಗೆದ್ದೆನೆಂಬ ಮುಖ ಮಾಡಿದೆ. ಅವರು ನಗಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. "ಬಂದದ್ದು ಬಂದ್ರಿ ಬೀಗರ, ಮಾತು ಉಳಿಸ್ಕೊಂಡ್ರಿ. ಆದ್ರ ಏಳು ತಿಂಗಳ ಹುಡುಗೀನ ಈ ಗಾಡ್ಯಾಗ ನಾ ಹೆಂಗ ಕಳಸ್ಲಿ, ನೀವ ಹೇಳ್ರಿ. ಹೊತ್ತು ಮುಳುಗೂದ್ರೊಳಗ ಸರಿ ಆದ್ರ ಕರಕೊಂಡು ಹೋಗ್ರಿ, ಇಲ್ಲಂದ್ರ ಇಲ್ಲೇ ಇರ್ತಾಳ" ಎಂದರು. ನಿಮ್ಮ ಕಾರು ಕೊಡಿ ಎಂದು ಕೇಳಲು ಕುಬಸದ ದಿನದ ನನ್ನ ನಾಲಿಗೆ ದಾರಿಯನ್ನೇ ಇಟ್ಟಿರಲಿಲ್ಲ. ಅವರ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮಾನ್ಯರೇ, ಅಲ್ಲಿ ನಾನು ಅತ್ತುಬಿಡುವವನಿದ್ದೆ.

ಆಗ ಚೈತ್ರಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಧಾನಕ್ಕೆ ಮೆಟ್ಟಿಲಿಳಿದು ಬಂದಳು. ನನ್ನನ್ನು ಮಾತಾಡಿಸುವ ಮುಂಚೆ ಬಾನೆಟ್ಟನ್ನು ನೋಡಿದಳು. "ಅಪ್ಪಾ, ಇಷ್ಟು ಇರುವಿ ಯಾಕ ಅದಾವ?" ಎಂದಳು. ಬಾನೆಟ್ ಎತ್ತಿಸಿದಳು. ಇರುವೆಗಳು ಬೋಲ್ಟಿನ ಸುತ್ತ ಜಾತ್ರೆ ನೆರೆದಿದ್ದವು. ಬೋಲ್ಟು ಹಸಿರು, ಬಿಳಿ ಪುಡಿಯಿಂದ ಉಬ್ಬಿತ್ತು. ಅದರಿಂದ ಇಳಿದ ಅಂಟು ನೀರು ವೈರುಗಳ ಗುಂಟ ಹರಿದು, ಕೆಳಗೆ ಎಲ್ಲ ಸೆನ್ಸರುಗಳ ವೈರುಗಳು ಸೇರುವ ಪ್ಲಗ್ಗಿನೊಳಗೆ ಹೋಗಿ ಕೂತಿತ್ತು. ಏನು ಹೊಯ್ದೆಯಪ್ಪಾ ಎಂದು ಕೇಳಿದಳು. ನಾನು ಬೀಗರ ಎದುರಿಗೆ, ಮೇಲ್ವಿಚಾರಕನ ಧ್ವನಿಯಲ್ಲಿ, ಅರ್ಥಿಂಗ್ ಎಂದರೇನು, ಅದಕ್ಕೆ ತೇವ ಯಾಕೆ ಬೇಕು, ಉಪ್ಪಿನ ಪಾತ್ರವೇನು ಎಂದು ತಿಳಿಸಿಕೊಟ್ಟೆ. ಉಪ್ಪು ಎಂದಾಗ ಹೊನ್ನೂರಮ್ಮ ತಲೆ ಮೇಲೆ ಕೈಯಿಟ್ಟುಕೊಂಡಳು.

ಚೈತ್ರಾ ಬಗ್ಗಿ ನೋಡಲಾರದೆ ಕಾಲಿನಿಂದಲೇ ಟೈರನ್ನು ಮೆಲ್ಲಗೆ ತಟ್ಟಿ, "ಅಪ್ಪಾ, ಇದು ಮನಿ ಅಲ್ಲಪ್ಪಾ. ಗಾಡಿ ಎಲ್ಲಿ ನೆಲಕ್ಕ ತಾಗೈತಿ? ನಾಕು ರಬ್ಬರಿನ ಮ್ಯಾಲ ನಿಂತೈತಿ" ಎಂದಳು. ಅವಳು ಚಿಕ್ಕವಳಿದ್ದಾಗ ಸ್ವಿಚ್ಚು ಮುಟ್ಟುವ ಮುಂಚೆ ರಬ್ಬರ್ ಚಪ್ಪಲಿ ಹಾಕಿಕೋ, ರಬ್ಬರ್ ಇದ್ದರೆ ಕರೆಂಟು ನೆಲಕ್ಕೆ ಇಳಿಯುವುದಿಲ್ಲ ಎಂದು ಬೆಂಬತ್ತಿ ಕಲಿಸಿದವನು ನಾನೇ. ಈ ಗಾಡಿಗೆ ನೆಲವೇ ಇಲ್ಲ, ಗುಂಡಿಯೇ ಇಲ್ಲ, ಅದರ ತಗಡೇ ಅದಕ್ಕೆ ಭೂಮಿ. ನಾನು ಅಷ್ಟು ದಿನ ಭಕ್ತಿಯಿಂದ ನೀರು ಹಾಕಿ ಬೆಳೆಸಿದ್ದು ಕಿಲುಬನ್ನು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ. ತಮ್ಮ ಮುಂದೆ ಸ್ಟೇರಿಂಗ್ ಹಿಡಿದು ಕೂತಿದ್ದ ಆ ಕತ್ತಲು ನಾನೇ. ಮೊದಲು ನಕ್ಕವಳು ಚೈತ್ರಾ, ಹೊಟ್ಟೆ ಹಿಡಿದುಕೊಂಡು. ಆಮೇಲೆ ಹೊನ್ನೂರಮ್ಮ. ಮರಿಬಸಪ್ಪನವರು ಮರ್ಯಾದೆಗಾಗಿ ಮುಖ ತಿರುಗಿಸಿ ನಕ್ಕರು, ಅವರ ಹೆಗಲು ಕುಣಿಯುತ್ತಿದ್ದುದು ನನಗೆ ಕಾಣಿಸಿತು.

ಮುಂದಿನದನ್ನು ತಾವು ಬಲ್ಲಿರಿ. ಬೀಗರು ಧೋತರ ಮೇಲೆತ್ತಿ ಕಟ್ಟಿ, ಮಿಲ್ಲಿನಿಂದ ಎಮರಿ ಪೇಪರ್ ತರಿಸಿದರು. ನಾನು ಬ್ಯಾಟರಿಯ ವೈರು ಬಿಚ್ಚಿದೆ, ಅವರು ಬೋಲ್ಟನ್ನು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದರು, ಚೈತ್ರಾ ಕುರ್ಚಿ ಹಾಕಿಸಿಕೊಂಡು ಇಬ್ಬರಿಗೂ ಅಪ್ಪಣೆ ಕೊಟ್ಟಳು. ಪ್ಲಗ್ಗನ್ನು ಒರೆಸಿ, ಅವಳ ಕೂದಲು ಒಣಗಿಸುವ ಯಂತ್ರದಿಂದ ಗಾಳಿ ಹಿಡಿದು ಒಣಗಿಸಿದೆವು. ಹೊತ್ತು ಮುಳುಗಲು ಇನ್ನೂ ಸಮಯವಿರುವಾಗಲೇ ಗಾಡಿ ಕೆಮ್ಮದೆ ಎದ್ದಿತು. ತಮ್ಮ ಬಂಧುಗಳೆಲ್ಲ ಮಲಗಿದರು, ತಾವು ಮಾತ್ರ ಹಟ ಹಿಡಿದು ಉರಿಯುತ್ತಿದ್ದಿರಿ. ಹಳೆಯ ದೋಷ ಕೂಡಲೇ ಮರೆಯುವ ಜಾತಿ ತಮ್ಮದಲ್ಲವಂತೆ, ಮೂರು ಸಲ ಗಾಡಿ ನಿಲ್ಲಿಸಿ ಎಬ್ಬಿಸಿದಾಗಲೂ ತಪ್ಪು ಕಾಣದಿದ್ದರೆ ಮಾತ್ರ ಮಲಗುವುದಂತೆ. ಮರಿಬಸಪ್ಪನವರು ತಮ್ಮನ್ನೂ ನನ್ನನ್ನೂ ನೋಡಿ, "ಕುರುಗೋಡಿನ ತನಕ ನಾ ಹಿಂದ ಬರ್ತೀನಿ, ಅಲ್ಲಿ ನೋಡೂಣು" ಎಂದರು.

ಹೊರಡುವ ಹೊತ್ತಿಗೆ ಬೀಗಿತಿ ಪದ್ಧತಿಯಂತೆ ಗಾಡಿಯ ಮುಂದೆ ಕಾಯಿ ಒಡೆದು, ತಂಬಿಗೆಯಲ್ಲಿ ನೀರು ಹಿಡಿದು ಬಾನೆಟ್ಟಿನ ಕಡೆ ನಡೆದರು. ಚೈತ್ರಾ ಅವರ ಕೈಯಿಂದ ತಂಬಿಗೆ ಇಸಿದುಕೊಂಡು, "ಗಾಡಿಗೆ ಬ್ಯಾಡ್ರಿ ಅತ್ತಿ, ಕೂಸಿಗೆ ಬೇಕು" ಎಂದು ಗಟಗಟ ಕುಡಿದು, ಉಳಿದದ್ದನ್ನು ನನ್ನ ಕೈಗೆ ಕೊಟ್ಟಳು. ನಾನೂ ಕುಡಿದೆ. ಅಷ್ಟು ರುಚಿಯಾದ ಪದಾರ್ಥವನ್ನು ಇಷ್ಟು ದಿನ ಬೋಲ್ಟಿಗೆ ಕುಡಿಸಿದೆನಲ್ಲ ಎನ್ನಿಸಿತು.

ತೆಕ್ಕಲಕೋಟೆಯಲ್ಲಿ ಚಹಾಕ್ಕೆ ನಿಲ್ಲಿಸಿದೆವು, ಮಧ್ಯೆ ಚೈತ್ರಾ ಕಾಲು ಚಾಚಲು ಒಮ್ಮೆ ಇಳಿದಳು, ಕುರುಗೋಡಿನಲ್ಲಿ ಗುಡಿಗೆ ಹೋಗಿ ಬಂದೆವು. ಗುಡಿಯಿಂದ ಬಂದು ಕೀಲಿ ತಿರುಗಿಸಿದೆ. ಎಂಜಿನ್ ಎದ್ದಿತು, ತಾವು ಏಳಲಿಲ್ಲ. ಇಷ್ಟು ದಿನ ಯಾವ ಊರಿನಲ್ಲಿ ಕಣ್ಣು ತೆರೆಯುತ್ತಿದ್ದಿರೋ ಅದೇ ಊರಿನಲ್ಲಿ ಕಣ್ಣು ಮುಚ್ಚಿದಿರಿ. ಮರಿಬಸಪ್ಪನವರು ಕಿಟಕಿಯೊಳಗೆ ತಲೆ ಹಾಕಿ ಡ್ಯಾಶ್‌ಬೋರ್ಡನ್ನು ಚೆನ್ನಾಗಿ ನೋಡಿ, "ಬಾಣಂತನ ನಿಮ್ಮ ಮನ್ಯಾಗ್ರಿ ಬೀಗರ" ಎಂದರು. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಗೆ ತಲೆಯಿಟ್ಟು ಚೈತ್ರಾ ಆಗಲೇ ನಿದ್ದೆ ಹೋಗಿದ್ದಳು. ಬಳ್ಳಾರಿಯವರೆಗೂ ನಾನು ಹಾರ್ನ್ ಮಾಡಲಿಲ್ಲ.

ಆದ್ದರಿಂದ, ಮಾನ್ಯರೇ, ನನ್ನ ದೂರು ಇಷ್ಟೇ: ತಾವು ಅಷ್ಟು ಸಲ ಬೆಳಗಿದಿರಿ, ತಪ್ಪಿತಸ್ಥನ ಮುಖಕ್ಕೇ ಬೆಳಗಿದಿರಿ, ಆದರೆ ಅವನ ಹೆಸರು ಹೇಳಲಿಲ್ಲ. ಇನ್ನು ಮುಂದೆ ದಯವಿಟ್ಟು ತಮ್ಮ ಕಾರ್ಯಕ್ಷೇತ್ರವನ್ನು ಸ್ವಲ್ಪ ವಿಸ್ತರಿಸಿಕೊಳ್ಳಬೇಕು. ನಾನು ಬೀಗರ ಅಂಗಳದಲ್ಲಿ ಬಾಯಿ ತೆರೆಯುವ ಮುಂಚೆ, ಮದುವೆ ಮನೆಗಳಲ್ಲಿ ಸಲಹೆ ಕೊಡುವ ಮುಂಚೆ, "ಈ ವಿಷಯ ನನಗೆ ಬಿಡಿ" ಎಂದು ಯಾರಿಗಾದರೂ ಹೇಳುವ ಮುಂಚೆ, ನನ್ನ ಹಣೆಯ ಮೇಲೆ ಒಮ್ಮೆ ಬೆಳಗಿ ಉಪಕರಿಸಬೇಕು. ಹೊನ್ನೂರಮ್ಮ ಇದಕ್ಕೆ ಆಗಲೇ ಸಮ್ಮತಿಸಿದ್ದಾಳೆ.

ನೆಲ ಮುಟ್ಟದ ನಾಲ್ಕು ಗಾಲಿಗಳ ಮೇಲೆ ಕುಳಿತು, ರಬ್ಬರ್ ಚಪ್ಪಲಿ ಧರಿಸಿ, ಸಹಿ ಮಾಡುವ

ತಮ್ಮ ವಿಶ್ವಾಸಿ,
ಗುರುಸ್ವಾಮಿ
ಪಾರ್ವತಿನಗರ, ಬಳ್ಳಾರಿ

ಮರೆತ ಮಾತು: ಮೊಮ್ಮಗಳು ಹುಟ್ಟಿದ್ದಾಳೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಬಂದವರೆಲ್ಲ ಕಾಯಿ ಒಡೆಯುತ್ತಿದ್ದಾರೆ. ಗಾಡಿಗೆ ಒಂದು ಹನಿಯೂ ಬೀಳಬಾರದೆಂದು ನೀರನ್ನೆಲ್ಲ ನನಗೇ ಕುಡಿಸುತ್ತಿದ್ದಾರೆ. ಮೊನ್ನೆ ರಕ್ತ ಪರೀಕ್ಷೆಯ ವರದಿ ಬಂತು, ಅದರಲ್ಲಿ ಸಕ್ಕರೆಯ ಅಂಕಿಯ ಸುತ್ತ ಡಾಕ್ಟರು ಕೆಂಪು ಗೆರೆ ಎಳೆದಿದ್ದಾರೆ. ತಮಗಿಂತ ಅವರು ಮೇಲು, ಕಾರಣ ಏನೆಂದು ಮೊದಲ ಸಲಕ್ಕೇ ಹೇಳಿದರು.